ಬಲಗೈದೂ ಒಂದು ತೆಗೀರಿ

ಕಾಲೇಜಿನ ಕ್ರೀಡಾ ನಿರ್ದೇಶಕರ ಕೋಣೆಯ ಪರದೆಯ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಚೆಂಡನ್ನು ಕಾಲಿಗೆ ಅಂಟಿಸಿಕೊಂಡವಳಂತೆ ಓಡುತ್ತಿದ್ದಳು. ಅವಳಿಗಿಂತ ಒಂದು ಮೊಳ ಎತ್ತರದ ನಾಲ್ವರು ಬೆನ್ನು ಬಿದ್ದಿದ್ದರು. ಒಬ್ಬಳನ್ನು ಎಡಕ್ಕೆ ಏಮಾರಿಸಿ, ಇನ್ನೊಬ್ಬಳ ಕಾಲುಗಳ ನಡುವಿನಿಂದ ಚೆಂಡು ತೂರಿಸಿ, ಮೂರನೆಯವಳು ಬಂದು ಮುಟ್ಟುವಷ್ಟರಲ್ಲಿ ಗೋಲು ಹೊಡೆದು ಮುಗಿಸಿದಳು. ಆಮೇಲೆ ಕುಣಿಯಲಿಲ್ಲ, ಕೂಗಲಿಲ್ಲ. ಜಾರಿದ ಕಾಲುಚೀಲ ಎಳೆದುಕೊಂಡು ವಾಪಸು ನಡೆದಳು.

ನಿರ್ದೇಶಕರು ಚಿತ್ರವನ್ನು ಅಲ್ಲೇ ನಿಲ್ಲಿಸಿದರು. ಅವರ ಕೈಯಲ್ಲಿದ್ದ ಪುಟ್ಟ ಟಾರ್ಚಿನ ಕೆಂಪು ಚುಕ್ಕೆ ಹುಡುಗಿಯ ಪಾದ, ಮೊಣಕಾಲು, ತೊಡೆ, ಸೊಂಟ ಎಂದು ಒಂದೊಂದನ್ನೇ ಮುಟ್ಟುತ್ತ ಮೇಲಕ್ಕೆ ಹೋಯಿತು.

"ಕೀಲು ನೋಡು," ಎಂದರು. "ತೊಡೆ ನೋಡು. ಮಾಲು ಚೆನ್ನಾಗಿದೆ. ಎತ್ತರ ಒಂದು ಬರುತ್ತೋ ಇಲ್ವೋ ಗೊತ್ತಾಗ್ಬೇಕು."

ಮೇಜಿನ ಈಚೆ ಕೂತಿದ್ದವಳನ್ನು ಕಾಲೇಜಿನಲ್ಲಿ ಎಲ್ಲರೂ 'ಗೋಡೆ' ಎನ್ನುತ್ತಿದ್ದರು. ಹದಿನೈದು ವರ್ಷದ ಹಿಂದೆ ಇದೇ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದಾಗ ಬಿದ್ದ ಹೆಸರು. ಆಗ ಈ ನಿರ್ದೇಶಕರೇ ಅವಳ ಕೋಚ್. ಈಗ ತಂಡಕ್ಕೆ ಮುಂದೆ ಬೇಕಾಗುವ ಆಟಗಾರ್ತಿಯರನ್ನು ಹುಡುಕಿ ತರುವುದು ಅವಳ ಕೆಲಸ. ಶುರುವಿನಲ್ಲಿ ಹದಿನೇಳರ ಹುಡುಗಿಯರನ್ನು ನೋಡುತ್ತಿದ್ದಳು. ಬೇರೆ ಕಾಲೇಜುಗಳು ಹದಿನೈದಕ್ಕೆ ಇಳಿದವು, ಇವರೂ ಇಳಿದರು. ಆಮೇಲೆ ಹದಿಮೂರು. ಆಮೇಲೆ ಹನ್ನೊಂದು. ಇತ್ತೀಚೆಗೆ ಬಸ್ಸಿನಲ್ಲಿ ತಾಯಿಯ ತೊಡೆಯ ಮೇಲೆ ಕೂತ ಮಗುವನ್ನು ಕಂಡರೂ ಅವಳ ಕಣ್ಣು ಮೊದಲು ಹೋಗುವುದು ಅದರ ಮಣಿಕಟ್ಟಿನ ದಪ್ಪಕ್ಕೆ. ಹಾಗೆ ನೋಡುತ್ತಿದ್ದೇನೆ ಎಂದು ಅರಿವಾದಾಗ ಇನ್ನೊಬ್ಬರ ಎಂಜಲು ನುಂಗಿದಂತಾಗಿ ಕಿಟಕಿಯ ಕಡೆ ತಿರುಗುತ್ತಿದ್ದಳು.

"ಇನ್ನೂ ನಾಲ್ಕನೇ ಕ್ಲಾಸು ಸರ್ ಇವಳು," ಎಂದಳು.

"ಅದಕ್ಕೇ ಬೇಗ ಹೋಗು ಅಂತಿರೋದು. ಹೊಳೆಯಾಚೆ ಕಾಲೇಜಿನವರು ಹೋದ ತಿಂಗಳು ಹತ್ತು ವರ್ಷದವಳ ಮನೆಯಿಂದ ಒಪ್ಪಿಗೆ ಪತ್ರ ಬರೆಸ್ಕೊಂಡು ಬಂದ್ರು. ನಾವು ಮೀನಮೇಷ ಎಣಿಸ್ತಾ ಕೂತ್ರೆ ಜರಡಿಯಲ್ಲಿ ಉಳಿದಿದ್ದೇ ನಮಗೆ ಗತಿ."

ಅವರು ನಮೂನೆಯ ಹಾಳೆಯನ್ನು ಮುಂದಕ್ಕೆ ತಳ್ಳಿದರು. ಹುಡುಗಿಯ ಎತ್ತರ, ತೂಕ, ಪಾದದ ಅಳತೆ. ತಂದೆಯ ಎತ್ತರ, ತಾಯಿಯ ಎತ್ತರ, ಎರಡೂ ಕಡೆಯ ಅಜ್ಜಿಯರ ಎತ್ತರ. ಕೊನೆಯಲ್ಲಿ ಈ ವರ್ಷ ಹೊಸದಾಗಿ ಸೇರಿಸಿದ್ದ ಸಾಲು: ತಾಯಿ ಯಾವ ವಯಸ್ಸಿಗೆ ದೊಡ್ಡವಳಾದಳು.

"ಇದೊಂದು ಬಿಡಬಹುದಾ ಸರ್?"

"ಅದೇ ಮುಖ್ಯ. ಬೇಗ ದೊಡ್ಡೋರಾದ್ರೆ ಬೆಳವಣಿಗೆ ಬೇಗ ನಿಂತೋಗುತ್ತೆ. ತಾಯಿಯಂತೆ ಮಗಳು. ನಾನು ಹೋಗಿ ಕೇಳಿದ್ರೆ ಚೆನ್ನಾಗಿರಲ್ಲ. ನೀನು ಹೆಂಗಸು, ನಿನಗೇನು."

ಹುಡುಗಿಯ ಮನೆ ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗಲೇ ಬಿಸಿ ಹಬೆ ಮತ್ತು ಸೋಪಿನ ವಾಸನೆ ಮುಖಕ್ಕೆ ಹೊಡೆಯಿತು. ತಾಯಿ ಆ ಲಾಂಡ್ರಿಯಲ್ಲೇ ಇಸ್ತ್ರಿ ಮಾಡುವವಳು. ತಂದೆ ಲಿಫ್ಟ್ ರಿಪೇರಿಯವನು; ಅವತ್ತು ರಜೆ ಹಾಕಿ, ತಲೆ ಬಾಚಿಕೊಂಡು, ಬಾಗಿಲಲ್ಲೇ ಕಾಯುತ್ತಿದ್ದ. ಒಳಗೆ ಮಂಚದ ಮೇಲೆ ತಂದೆಯ ತಾಯಿ, ಒಣಗಿದ ಮೆಣಸಿನಕಾಯಿಯಂಥ ಮುದುಕಿ, ಕಾಲು ಇಳಿಬಿಟ್ಟು ಕೂತಿದ್ದಳು.

"ಗಾಲೀ, ಬಾರೇ," ಎಂದು ಮುದುಕಿ ಮೊಮ್ಮಗಳನ್ನು ಕರೆದಳು. "ನಿಂತಲ್ಲಿ ನಿಲ್ಲಲ್ಲ ತಾಯಿ, ಅದಕ್ಕೇ ಗಾಲಿ. ಅವಳ ನಿಜವಾದ ಹೆಸರು ಸ್ಕೂಲಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ."

ಗಾಲಿ ಒಳಗಿನಿಂದ ಬಂದು ಅಳೆಯಲು ಬಂದವಳ ಮುಂದೆ ನಿಂತಳು. ಹೇಳುವ ಮುಂಚೆಯೇ ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ, ಗಲ್ಲ ಎತ್ತಿದಳು. ಅಳತೆ ಕೊಟ್ಟು ಕೊಟ್ಟು ಪಳಗಿದ ಮೈ. ಚೌಕಟ್ಟಿನ ಮೇಲೆ ಪೆನ್ಸಿಲಿನ ಗೆರೆಗಳು ಏಣಿಯಂತೆ ಹತ್ತಿದ್ದವು, ಒಂದೊಂದಕ್ಕೂ ತಾರೀಖು.

ಗೋಡೆ ಕಾಲೇಜಿನ ಅಂಗಿಯನ್ನು ಚೀಲದಿಂದ ತೆಗೆದು ಕೊಟ್ಟಳು. ಅದು ಹುಡುಗಿಯ ಮೊಣಕಾಲು ದಾಟಿತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರು ಅಂತ ಗಾದೆ ಕೇಳಿದ್ದೆ," ಎಂದಳು ಮುದುಕಿ. "ಇವತ್ತು ಕಣ್ಣಾರೆ ಕಂಡೆ."

"ಸುಮ್ನಿರಮ್ಮ," ಎಂದ ಲಿಫ್ಟಿನವನು. "ಮೇಡಂ, ನಮ್ಮ ಕಡೆಯಿಂದ ಏನೂ ಕಮ್ಮಿ ಇಲ್ಲ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ನೇತಾಡ್ತಾಳೆ." ಎರಡು ಕೋಣೆಗಳ ನಡುವಿನ ಬಾಗಿಲಿಗೆ ಅಡ್ಡಲಾಗಿ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಸರಳನ್ನು ತೋರಿಸಿದ. "ಕೈ ತೋರ್ಸು, ಗಾಲಿ."

ಹುಡುಗಿ ಅಂಗೈ ಬಿಚ್ಚಿದಳು. ಬೆರಳಿನ ಬುಡದಲ್ಲಿ ಗಟ್ಟಿಯಾದ ಹಳದಿ ಜಡ್ಡು. ಒಂದು ಕಡೆ ಗುಳ್ಳೆ ಒಡೆದು ಕೆಂಪಾಗಿತ್ತು.

"ರಾತ್ರಿ ಮಲಗೋ ಮುಂಚೆ ನಾನು ಕಾಲು ಎಳೀತೀನಿ. ಇವಳು ಭುಜ ಹಿಡ್ಕೋತಾಳೆ," ಎಂದು ಹೆಂಡತಿಯ ಕಡೆ ಕೈ ಮಾಡಿದ. ಹೆಂಡತಿ ನೆಲ ನೋಡುತ್ತಿದ್ದಳು. "ಮೊದಮೊದಲು ಅಳ್ತಿದ್ಲು. ಈಗ ಅಭ್ಯಾಸ ಆಗಿದೆ."

ಗೋಡೆ ಹುಡುಗಿಯ ಅಂಗೈಯನ್ನು ತಾನೇ ಮಡಿಸಿದಳು. "ಯಾರು ಹೇಳಿದ್ರು ನಿಮಗೆ ಇದನ್ನೆಲ್ಲ?"

ಅವನು ನಕ್ಕ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ. ಕಪಾಟಿನಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿದ ಒಂದು ಕಿರುಪುಸ್ತಕ ತಂದ. "ನೀವೇ ಅಲ್ವಾ ಮೇಡಂ."

ಮುಖಪುಟದಲ್ಲಿ ಕೈಗವಸು ತೊಟ್ಟ ಅವಳದೇ ಫೋಟೋ ಇತ್ತು. 'ನಾಳೆಯ ಆಟಗಾರ್ತಿಯ ತಂದೆತಾಯಿಗೆ ಇಪ್ಪತ್ತು ಸಲಹೆ.' ಎರಡು ವರ್ಷದ ಹಿಂದೆ ನಿರ್ದೇಶಕರು ಅವಸರ ಮಾಡಿದಾಗ ಎರಡು ಸಂಜೆ ಕೂತು ಬರೆದದ್ದು. ನಿದ್ದೆ, ಹಾಲು, ಮೊಟ್ಟೆ, ಓಟ ಎಂದು ಹದಿನೇಳಕ್ಕೆ ಬಂದು ನಿಂತಿತ್ತು. ಇಪ್ಪತ್ತು ತುಂಬಿಸಲು ಎಲ್ಲೋ ಕೇಳಿದ ಮೂರು ಮಾತು ಸೇರಿಸಿದ್ದಳು. ಹತ್ತೊಂಬತ್ತನೆಯದರ ಕೆಳಗೆ ಲಿಫ್ಟಿನವನು ಕೆಂಪು ಗೆರೆ ಎಳೆದಿದ್ದ: 'ಮಗುವಿನ ಬೆನ್ನು, ಕಾಲುಗಳನ್ನು ದಿನವೂ ಎಳೆದಷ್ಟೂ ಎತ್ತರ ಹೆಚ್ಚುತ್ತದೆ.'

"ಇದು ಸುಳ್ಳು," ಎಂದಳು. "ನಾನು ತಿಳೀದೆ ಬರೆದಿದ್ದು. ಎಳೆದ್ರೆ ಯಾರೂ ಬೆಳೆಯಲ್ಲ. ಇವತ್ತಿಂದ್ಲೇ ನಿಲ್ಲಿಸಿ."

"ಗೊತ್ತಾಯ್ತು ಮೇಡಂ," ಎಂದ ಅವನು, ದನಿ ತಗ್ಗಿಸಿ. "ಎಲ್ಲರೂ ಮಾಡೋಕೆ ಶುರು ಮಾಡಿದ್ರೆ ನಮ್ಮವಳಿಗೆ ಏನು ಉಳೀತು. ನಾನು ಯಾರಿಗೂ ಹೇಳಲ್ಲ ಬಿಡಿ."

ಮತ್ತೆ ಮತ್ತೆ ಹೇಳಿದಳು. ಹೇಳಿದಷ್ಟೂ ಅವನ ನಗು ಗುಟ್ಟು ಬಲ್ಲವನ ನಗುವಾಯಿತು.

ಆಗಲೇ ಎದ್ದು ಬರಬಹುದಿತ್ತು. ಬರಲಿಲ್ಲ. ಆರು ವರ್ಷ ಮಾಡಿದ ಕೆಲಸ ಕೈಗೆ ಮೆತ್ತಿಕೊಂಡಿತ್ತು; ಟೇಪು ಬಿಚ್ಚಿ ಪಾದ ಅಳೆದಳು, ಮಣಿಕಟ್ಟು ಅಳೆದಳು. ಮುದುಕಿಯನ್ನೂ ನಿಲ್ಲಿಸಿ ಅಳೆದಳು. "ಹಲ್ಲೂ ನೋಡ್ಬಿಡಿ ತಾಯಿ, ಎರಡೇ ಇರೋದು," ಎಂದು ಮುದುಕಿ ಬಾಯಿ ತೆರೆದು ತೋರಿಸಿದಳು.

ಕೊನೆಯ ಸಾಲಿಗಾಗಿ ತಾಯಿಯ ಹಿಂದೆ ಅಡುಗೆ ಮೂಲೆಗೆ ಹೋದಳು. ಇಸ್ತ್ರಿಯವಳು ಪ್ರಶ್ನೆ ಕೇಳಿಸಿಕೊಂಡು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

"ಇದನ್ನ ಯಾಕೆ ಬರ್ಕೋತೀರಿ?"

"ಎತ್ತರದ ಲೆಕ್ಕಕ್ಕೆ."

"ಬೇಗ ಆಗಿದ್ರೆ ಒಳ್ಳೇದೋ, ತಡ ಆಗಿದ್ರೋ?"

"ತಡ ಆಗಿದ್ರೆ ಒಳ್ಳೇದು. ಬೇಗ ಆಗಿದ್ರೆ ಅವರು ಬೇಡ ಅಂದ್ರೂ ಅನ್ನಬಹುದು."

ಇಸ್ತ್ರಿಯವಳು ಹೊರಗಿನ ಕೋಣೆಯತ್ತ ಒಮ್ಮೆ ನೋಡಿದಳು. "ಹನ್ನೆರಡು ಆಗಿತ್ತು ನನಗೆ," ಎಂದಳು. "ನೀವು ಒಂಬತ್ತು ಅಂತ ಬರ್ಕೊಳ್ಳಿ."

ಗೋಡೆ ಒಂಬತ್ತು ಎಂದೇ ಬರೆದಳು. ಇಷ್ಟಕ್ಕೆ ಮುಗಿಯಿತು, ಮಗು ಬಚಾವಾಯಿತು ಎಂದು ಮೆಟ್ಟಿಲಿಳಿಯುವಾಗ ಅವಳಿಗೆ ಸ್ವಲ್ಪ ಹಗುರವೂ ಆಯಿತು.

ಆದರೆ ನಿರ್ದೇಶಕರು ಬಿಡಲಿಲ್ಲ. "ಒಂಬತ್ತಾ? ಅನುಮಾನ ಬೇಡ. ಎಡಗೈ ಎಕ್ಸ್-ರೇ ತೆಗೆಸು. ಮೂಳೆಯ ಸಂದು ಎಷ್ಟು ತೆರೆದಿದೆ ಅಂತ ನೋಡಿದ್ರೆ ಡಾಕ್ಟರೇ ಹೇಳ್ತಾರೆ, ಎಷ್ಟುದ್ದ ಬರ್ತಾಳೆ ಅಂತ." ಅವಳು ಮಾಡಿದ ಉಪಕಾರ ಹುಡುಗಿಯ ಕೈಮೂಳೆಯವರೆಗೆ ಹೋಗಿ ಮುಟ್ಟಿತು.

ಎಕ್ಸ್-ರೇ ತೆಗೆಯುವಾತ ನಡುವಯಸ್ಸಿನವನು. ಗಾಲಿಯ ಕೈಯನ್ನು ತಿರುಗಿಸಿ ನೋಡಿ, "ಎಲ್ಲಿ ಬಿದ್ದೆ ಪುಟ್ಟಿ?" ಎಂದು ಕೇಳಿದ.

"ಬಿದ್ದಿಲ್ಲ."

"ಮತ್ತೆ ಎಲ್ಲಿ ನೋವು?"

"ನೋವಿಲ್ಲ." ಹುಡುಗಿ ಗೋಡೆಯ ಮುಖ ನೋಡಿದಳು. "ಮಿಸ್, ಇದು ನೋಯುತ್ತಾ?"

"ಇಲ್ಲ ಕಣೇ. ಫೋಟೋ ತೆಗೆದ ಹಾಗೆ."

"ಹಾಗಾದ್ರೆ ಪರವಾಗಿಲ್ಲ. ಅಪ್ಪ ಎಳೆಯೋದಕ್ಕಿಂತ ವಾಸಿ."

ಆತ ಚೀಟಿಯನ್ನು ಓದಿದ. ಕಾಲೇಜಿನ ಹೆಸರು, ಕಾರಣದ ಜಾಗದಲ್ಲಿ 'ಆಯ್ಕೆ' ಎಂಬ ಒಂದು ಪದ. ಚೀಟಿಯನ್ನು ಒದ್ದೆ ಚಿಂದಿಯನ್ನು ಹಿಡಿಯುವಂತೆ ಎರಡೇ ಬೆರಳಲ್ಲಿ ಹಿಡಿದು ತಟ್ಟೆಯ ಮೇಲಿಟ್ಟ. ಗೋಡೆ ಅದನ್ನು ನೋಡಿದಳು.

ಅರ್ಧ ಗಂಟೆಯ ನಂತರ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಆ ಪುಟ್ಟ ಕೈ ಬೂದು ಬಣ್ಣದ ಕಡ್ಡಿಗಳಾಗಿ ಹರಡಿತ್ತು. "ಐದು ಅಡಿ ಮುಟ್ಟಿದ್ರೆ ಹೆಚ್ಚು," ಎಂದರು. ಗೋಡೆ ನಿರ್ದೇಶಕರಿಗೆ ಫೋನ್ ಮಾಡಿದಳು. "ಬಿಟ್ಹಾಕು," ಎಂದರು. ಅಷ್ಟೇ. ಫೋನ್ ಇಡುವ ಮುಂಚೆ, "ಇನ್ನೊಂದು ಅಡ್ರೆಸ್ ಕಳಿಸ್ತೀನಿ. ಇದಕ್ಕೆ ಏಳು ವರ್ಷ, ಅಪ್ಪ ಆರಡಿ ಇದಾನೆ," ಎಂದರು.

ಮಗಳ ಜೊತೆ ಬಂದು ಹೊರಗೆ ಕಾಯುತ್ತಿದ್ದ ಲಿಫ್ಟಿನವನಿಗೆ ಹೇಳಿದಾಗ ಅವನು ಮೊದಲು ಅರ್ಥವಾಗದವನಂತೆ ನಿಂತ. ಆಮೇಲೆ ಡಾಕ್ಟರ ಬಾಗಿಲಿಗೆ ಅಡ್ಡ ನಿಂತು ಬೇಡತೊಡಗಿದ.

"ಸರ್, ಎಡಗೈ ತೆಗೆದಿದೀರಿ. ಬಲಗೈದೂ ಒಂದು ತೆಗೀರಿ. ಅವಳು ಎಲ್ಲ ಕೆಲಸ ಬಲಗೈಯಲ್ಲೇ ಮಾಡೋದು, ಆ ಕೈ ಚೆನ್ನಾಗಿ ಬೆಳೆದಿರುತ್ತೆ." ಮಗಳ ಬಲಗೈ ಹಿಡಿದು, ಅಂಗಡಿಯವನು ಇನ್ನೊಂದು ಸಾಮಾನು ತೋರಿಸುವಂತೆ, ಡಾಕ್ಟರ ಮುಂದೆ ಚಾಚಿದ. "ನೋಡಿ ಸರ್. ಬೆರಳು ಎಷ್ಟುದ್ದ ಇದೆ ನೋಡಿ."

ಗಾಲಿ ತಾನೂ ಸಹಾಯವಾಗಲೆಂದು ಬೆರಳುಗಳನ್ನು ಆದಷ್ಟು ಚಾಚಿದಳು.

ಗೋಡೆಯ ಕೈಯಲ್ಲಿ ಫೋನ್ ಕಂಪಿಸಿತು. ಏಳು ವರ್ಷದವಳ ಅಡ್ರೆಸ್. ಅವಳಿಗೆ ನಿರ್ದೇಶಕರ ಮೇಲೆ ಹೇಸಿಗೆ ಹುಟ್ಟಿತು, ಈ ತಂದೆಯ ಮೇಲೂ. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಮೈಗೆ ಏನೋ ಅಂಟಿದೆ, ಸ್ನಾನ ಮಾಡಿದರೂ ಹೋಗುವುದಿಲ್ಲ ಎನ್ನುವಂಥ ಹೇಸಿಗೆ.

ಅಲ್ಲಿಂದ ನೇರ ಕಾಲೇಜಿಗೆ ಹೋದಳು.

"ಆ ಪುಸ್ತಕ ವಾಪಸ್ ತರಿಸಿ ಸರ್. ಅದರಲ್ಲಿ ತಪ್ಪಿದೆ. ಮಕ್ಕಳ ಕಾಲು ಎಳೀತಿದಾರೆ ಜನ."

"ಯಾರ ಕಾಲಾದ್ರೂ ಮುರೀತಾ?"

"ಇಲ್ಲ."

"ಮತ್ತೆ? ಹೆತ್ತವರಿಗೆ ಇರೋ ಆಸೆಗೆ ನೀನ್ಯಾಕೆ ಪಾಪ ಹೊತ್ಕೋತೀಯ? ಇದು ಇಲ್ದಿದ್ರೆ ಇನ್ನೊಂದು ಎಳೀತಾರೆ. ನಾಳೆ ಏಳು ವರ್ಷದವಳ ಮನೆಗೆ ಹೋಗ್ಬಾ."

"ಹೋಗಲ್ಲ ಸರ್."

"ನೀನು ಹೋಗ್ದಿದ್ರೆ ಇನ್ನೊಬ್ಬರು ಹೋಗ್ತಾರೆ."

"ಹೋಗ್ಲಿ. ನಾನು ಹೋಗಲ್ಲ."

ಆವತ್ತೇ ರಾಜೀನಾಮೆ ಬರೆದು ಕೊಟ್ಟಳು. ಆದರೆ ಕೊಡುವ ಮುಂಚೆ ತನ್ನ ಕೋಣೆಯ ಬೀರು ತೆಗೆದು, ಆರು ವರ್ಷಗಳಲ್ಲಿ ತಾನೇ ತುಂಬಿಸಿದ ಹಾಳೆಗಳಿಂದ ಅರವತ್ತಮೂರು ಮನೆಗಳ ವಿಳಾಸ ಬರೆದುಕೊಂಡಳು. ಏಳು ವರ್ಷದವಳ ಮನೆಗೆ ಮರುದಿನವೇ ಬೇರೆ ಯಾರೋ ಹೋಗಿ ಬಂದರೆಂದು ಆಮೇಲೆ ತಿಳಿಯಿತು.

ಒಂದು ತಿಂಗಳು ಕಳೆದು, ಮೊದಲು ಲಾಂಡ್ರಿಗೆ ಹೋದಳು. ಇಸ್ತ್ರಿಯವಳು ಬಿಳಿ ಹಾಸಿಗೆ ಬಟ್ಟೆಯ ಮೇಲೆ ಪೆಟ್ಟಿಗೆ ಆಡಿಸುತ್ತಲೇ ಮಾತಾಡಿದಳು. ಗಂಡ ಮಗಳನ್ನು ಹೊಳೆಯಾಚೆ ಕಾಲೇಜಿಗೂ ಕರೆದುಕೊಂಡು ಹೋಗಿದ್ದ. ಅಲ್ಲೂ ಕೈ ನೋಡಿ ಬೇಡ ಅಂದಿದ್ದರು. ಎರಡು ವಾರ ಅವನು ಮಗಳ ಜೊತೆ ಮಾತು ಬಿಟ್ಟಿದ್ದ.

"ಎಕ್ಸ್-ರೇ ತೆಗೆಸಿ ಬಂದ ರಾತ್ರಿ ಮತ್ತೆ ಎಳೆಯೋಕೆ ಬಂದ್ರು," ಎಂದಳು. "ಭುಜ ಹಿಡ್ಕೋ ಅಂದ್ರು. ಹಿಡಿಯಲ್ಲ ಅಂದೆ. ಒಬ್ಬರೇ ಎಳೆದ್ರೆ ಮಂಚದಿಂದ ಜಾರಿ ಬರ್ತಾಳಲ್ಲ, ಅಲ್ಲಿಗೆ ನಿಂತೋಯ್ತು. ಅಷ್ಟೇ ಸಾಕಿತ್ತು ನೋಡಿ. ಒಂದು ವರ್ಷದಿಂದ ನಾನೇ ಹಿಡ್ಕೊಂಡಿದ್ನಲ್ಲ."

ಪೆಟ್ಟಿಗೆ ಒಂದೇ ಜಾಗದಲ್ಲಿ ನಿಂತುಬಿಟ್ಟಿತ್ತು. ಬಟ್ಟೆ ಸೀದ ವಾಸನೆ ಬಂದು ಅವಳು ಥಟ್ಟನೆ ಎತ್ತಿದಳು.

"ಗಾಲಿ ಆಡ್ತಿದಾಳಾ?"

"ಹಿತ್ತಲಲ್ಲಿ ಒಣಗೋ ಬಟ್ಟೆಗಳ ನಡುವೆ ಒದೀತಿರ್ತಾಳೆ. ಅಪ್ಪ ಇನ್ನು ಆಟ ಬೇಡ ಅಂದಿದಾರೆ; ಅವರು ಬರೋದು ಕಂಡ್ರೆ ಅಜ್ಜಿ ಕೆಮ್ತಾರೆ, ಇವಳು ಚೆಂಡು ಬುಟ್ಟಿಗೆ ಹಾಕ್ತಾಳೆ. ನೀವು ನೋಡೋಕೆ ಹೋಗ್ಬೇಡಿ, ದಯವಿಟ್ಟು. ನೀವು ನೋಡಿದ್ರೆ ಅವಳು ತಾನಾಗೇ ಹೋಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ತಾಳೆ."

ಗೋಡೆ ಹಿತ್ತಲಿಗೆ ಹೋಗಲಿಲ್ಲ.

ಪುಸ್ತಕದಲ್ಲಿ ಬರೆದದ್ದು ಸುಳ್ಳು, ವಾಪಸು ಕೊಡಿ ಎನ್ನಲು ಮಿಕ್ಕ ಮನೆಗಳನ್ನು ಒಂದೊಂದಾಗಿ ಹತ್ತಿ ಇಳಿದಳು. ಒಬ್ಬ ತಂದೆ ಟೀ ಕೊಟ್ಟು, ಎಲ್ಲ ಕೇಳಿ, ಕೊನೆಗೆ ಇನ್ನೊಂದು ಕಾಲೇಜಿನ ಫೋನ್ ನಂಬರು ಇದೆಯಾ ಎಂದ. ಒಬ್ಬ ಅಜ್ಜಿ ಅತ್ತಳು. ಒಂದು ಮನೆಯಲ್ಲಿ ಹುಡುಗಿಯೇ ಬಾಗಿಲು ತೆಗೆದು, ಅವಳ ಮುಖ ಕಂಡಕೂಡಲೇ ಅಳತೆ ಕೊಡಲು ಚಪ್ಪಲಿ ಬಿಟ್ಟಳು. ಕೆಲವರು ಪುಸ್ತಕ ತಂದು ಕೈಗೆ ಕೊಟ್ಟರು. ಹೆಚ್ಚಿನವರು ಕೊಡಲಿಲ್ಲ.

ಹನ್ನೊಂದನೆಯ ಮನೆಯಲ್ಲಿ ದರ್ಜಿ ಹೆಂಗಸೊಬ್ಬಳು ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಮಗಳಿಗೆ ಈಗ ಹದಿಮೂರು. ಹನ್ನೊಂದರಲ್ಲಿ ಆರಿಸಿ, ಹನ್ನೆರಡರಲ್ಲಿ ಕೈಬಿಟ್ಟಿದ್ದರು.

"ಆವತ್ತು ನೀವೇ ಬಂದು ಹೀಗೆ ಮಾಡಿ ಅಂದ್ರಿ. ಮಾಡಿದ್ವಿ," ಎಂದಳು. "ಇವತ್ತೂ ನೀವೇ ಬಂದು ಮಾಡ್ಬೇಡಿ ಅಂತೀರಿ. ನಾನು ಯಾವ ಮಾತು ನಂಬ್ಲಿ?"

"ಮಗಳು ನೋಯುತ್ತೆ ಅಂದ್ರೆ ಅವಳ ಮಾತು ನಂಬಿ," ಎಂದಳು ಗೋಡೆ. "ನನ್ನ ಮಾತು ಬೇಡ."

ದರ್ಜಿ ಹೆಂಗಸು ಒಳಗೆ ಬಾ ಎನ್ನದೆ ಬಾಗಿಲು ಹಾಕಿಕೊಂಡಳು. ಆ ಬೀದಿಯಲ್ಲಿ ಇನ್ನೂ ಎರಡು ಮನೆ ಇದ್ದವು. ಗೋಡೆ ಚೀಟಿ ತೆಗೆದು ಬಾಗಿಲ ನಂಬರು ನೋಡಿಕೊಂಡು ನಡೆದಳು.