ಸರ್ಕಾರದ ಮೀನು

"ಏನೋ ಉದುರುಸ್ತಾ ಐತೆ ಕಣ, ಬಾ ಇಲ್ಲಿ!" ಎಂದು ಬೆಟ್ಟಮ್ಮ ಕೂಗಿದಾಗ ಚೆನ್ನಯ್ಯ ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಎಣ್ಣೆಗೈಯಲ್ಲೇ ಒಳಗೆ ಬಂದ. ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಹೊಟ್ಟೆ ಊದಿದ ಹೆಣ್ಣುಮೀನು ಒಂದು ಮೂಲೆಗೆ ಒತ್ತಿಕೊಂಡು ನಿಂತಿತ್ತು. ಅದರ ಕೆಳಗೆ ಜೀರಿಗೆ ಕಾಳಿನಷ್ಟು ಏನೋ ಸುರುಳಿಯಾಗಿ ಬಿದ್ದು, ತಳ ಮುಟ್ಟುವ ಮೊದಲೇ ಬಿಚ್ಚಿಕೊಂಡು ಈಜಿತು.

"ಮೊಟ್ಟೆ ಇರ್ಬೇಕು," ಎಂದ ಚೆನ್ನಯ್ಯ.

"ಮೊಟ್ಟೆಗೆ ಕಣ್ಣಿರ್ತದಾ? ನೋಡು, ಎಲ್ಡು ಕಣ್ಣು."

ಇಬ್ಬರೂ ಬಾಗಿ ನೋಡುತ್ತಿರುವಾಗಲೇ ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಊರ ಮುಂದಿನ ತೊರೆಯಲ್ಲಿ ಹುಟ್ಟಿದಾಗಿನಿಂದ ಮೀನು ನೋಡಿದ್ದವರು ಅವರು. ಮೀನು ಆಡಿನ ಹಾಗೆ ಮರಿ ಹಾಕುವುದನ್ನು ಮಾತ್ರ ಕಂಡಿರಲಿಲ್ಲ. ಚೆನ್ನಯ್ಯ ಕೈಯ ಎಣ್ಣೆಯನ್ನು ಲುಂಗಿಗೆ ಒರೆಸಿಕೊಂಡ. ಅಷ್ಟರಲ್ಲಿ ತಾಯಿಮೀನು ತಿರುಗಿ, ತಾನು ಹಾಕಿದ ಮರಿಯೊಂದನ್ನು ಗಬಕ್ಕನೆ ನುಂಗಿತು. ಬೆಟ್ಟಮ್ಮ "ಅಯ್ಯೋ ಪಾಪಿಮುಂಡೇದೆ!" ಎಂದು ಕೈ ಹಾಕಿ ಅದನ್ನು ಹಿಡಿದೇಬಿಟ್ಟಳು.

ಪೆಟ್ಟಿಗೆಯಲ್ಲಿದ್ದ ಆರು ಮೀನುಗಳನ್ನು ಕೊಟ್ಟಿದ್ದವರು ಅರಕಲಗೂಡಿನ ಮಲೇರಿಯಾ ಆಫೀಸಿನ ಇನ್ಸ್‌ಪೆಕ್ಟರ್ ರಂಗಸ್ವಾಮಿ. ಮನೆಮನೆಗೆ ಡಿಡಿಟಿ ಹೊಡೆಯುವ ಕೆಲಸಕ್ಕೆ ಚೆನ್ನಯ್ಯ ಸೇರಿ ಎರಡು ವರ್ಷವಾಗಿತ್ತು. ಹೊಂಗೇಹಳ್ಳಿಯ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವನು ಅವನೇ. ಆಫೀಸಿನ ತೊಟ್ಟಿ ಸೋರುತ್ತಿದ್ದುದರಿಂದ ರಂಗಸ್ವಾಮಿ ಗಾಜಿನ ಪೆಟ್ಟಿಗೆಯೊಂದನ್ನು ಅವನ ಸೈಕಲ್ಲಿಗೆ ಕಟ್ಟಿಸಿ, "ನಿಮ್ಮನೇಲಿಟ್ಟು ಸಾಕು. ಇವು ಸೊಳ್ಳೆಯ ಹುಳ ತಿನ್ನೋ ಮೀನು. ನೂರಾದ್ರೆ ಬಾವಿಗಳಿಗೆ ಬಿಡೋಣ," ಎಂದಿದ್ದರು. ಹೇಗೆ ಸಾಕುವುದೆಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಸಾಕಿದವಳು ಬೆಟ್ಟಮ್ಮ. ಮೊದಲ ಸಲದ ಮರಿಗಳಲ್ಲಿ ಉಳಿದದ್ದು ನಾಲ್ಕೇ. ಎರಡನೆಯ ಸಲಕ್ಕೆ ಅವಳು ಬಿದಿರು ಸೀಳಿ, ಕಂಡಿ ಬಿಟ್ಟು ಸಣ್ಣ ಬುಟ್ಟಿಯೊಂದನ್ನು ಹೆಣೆದಳು. ಬಸುರಿ ಮೀನನ್ನು ಬುಟ್ಟಿಯೊಳಗೆ ಬಿಟ್ಟು ಪೆಟ್ಟಿಗೆಗೆ ಇಳಿಸಿದರೆ ಮರಿಗಳು ಕಂಡಿಯಿಂದ ನುಸುಳಿ ಹೊರಗೆ ಬರುತ್ತಿದ್ದವು, ತಾಯಿ ಒಳಗೇ ಉಳಿಯುತ್ತಿತ್ತು. ತೊರೆಯಿಂದ ಪಾಚಿ ತಂದು ಹಾಕಿದಳು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಿವುಚಿ ಚಿಟಿಕೆಯಷ್ಟು ಉದುರಿಸಿದಳು. ಹೆಚ್ಚು ಹಾಕಿದರೆ ನೀರು ನಾರಿ ಮರಿಗಳು ಸಾಯುತ್ತವೆಂಬುದು ಹನ್ನೆರಡು ಮರಿ ಸತ್ತ ಮೇಲೆ ತಿಳಿಯಿತು. ದಿನ ಬಿಟ್ಟು ದಿನ ಅರ್ಧ ನೀರು ತೆಗೆದು, ಅರ್ಧ ಮೈಲಿ ದೂರದ ತೊರೆಯಿಂದ ಹೊತ್ತು ತಂದ ನೀರನ್ನು ಬಿಸಿಲಿಗಿಟ್ಟು ಹುಯ್ಯುತ್ತಿದ್ದಳು. ಪಕ್ಕದ ಮನೆಯ ಸಣ್ಣಕ್ಕ ಬಾಗಿಲಲ್ಲಿ ನಿಂತು, "ಮನುಸ್ರಿಗೇ ಮೊಟ್ಟೆ ಗತಿ ಇಲ್ಲ, ಇವ್ಳು ಮೀನಿಗೆ ಬಾಣಂತನ ಮಾಡ್ತಾವ್ಳೆ," ಎಂದು ನಗುತ್ತಿದ್ದಳು.

ಐದು ತಿಂಗಳಲ್ಲಿ ಪೆಟ್ಟಿಗೆ ತುಂಬಿತು. ಅದೇ ಹೊತ್ತಿಗೆ ಊರೊಳಗೆ ಚಳಿಜ್ವರ ಕಾಣಿಸಿತು. ಪಟೇಲ ಗಂಗಯ್ಯನವರ ಸೊಸೆಯೂ ಮಲಗಿದಳು. ರಂಗಸ್ವಾಮಿ ಹೇಳಿಕಳಿಸಿದಂತೆ ಚೆನ್ನಯ್ಯ ಐವತ್ತು ಮೀನುಗಳನ್ನು ಮಡಕೆಯಲ್ಲಿ ಹಾಕಿಕೊಂಡು ಸೈಕಲ್ಲಿನಲ್ಲಿ ಅರಕಲಗೂಡಿಗೆ ಹೋದ. ಅಲ್ಲಿ ಅವು ಒಂದು ಬಿಳಿ ಡಬ್ಬಕ್ಕೆ ಬಿದ್ದವು, ಜೀಪಿನಲ್ಲಿ ಕೂತವು, ಅದೇ ದಾರಿಯಲ್ಲಿ ವಾಪಸು ಹೊಂಗೇಹಳ್ಳಿಗೆ, ಊರ ಬಾವಿಯ ಹತ್ತಿರಕ್ಕೆ ಬಂದವು. ಸೈಕಲ್ಲನ್ನು ಆಫೀಸಿನಲ್ಲೇ ಬಿಟ್ಟು ಚೆನ್ನಯ್ಯನೂ ಜೀಪಿನ ಹಿಂದೆ ಕೂತು ಬಂದ.

"ಎಲ್ಲಿ ಮೀನು ಸಾ ಇವು?" ಎಂದರು ಗಂಗಯ್ಯ.

"ಹಾಸನದಿಂದ ಬಂದಿವೆ. ಸರ್ಕಾರದ್ದು," ಎಂದರು ರಂಗಸ್ವಾಮಿ.

ಚೆನ್ನಯ್ಯ ಬಾವಿಯಿಂದ ಇಪ್ಪತ್ತು ಮಾರು ದೂರದ ಹುಣಸೇಮರದ ಕೆಳಗೆ ನಿಂತಿದ್ದ. ಪಟೇಲರ ಮನೆಯ ಆಳು ಡಬ್ಬವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಬೆಟ್ಟಮ್ಮ, "ಆ ಬಾವಿ ನೀರು ಎಂಗೈತಂತೆ? ಅವುಕ್ಕೆ ಒಗ್ತದಾ?" ಎಂದಷ್ಟೇ ಕೇಳಿದಳು. ಆ ನೀರು ಹೇಗಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

ಮೂರು ತಿಂಗಳು ಯಾರೂ ಏನೂ ಅನ್ನಲಿಲ್ಲ. ಜ್ವರ ಇಳಿಯಿತು. ಮಧ್ಯಾಹ್ನದ ಬಿಸಿಲು ಬಾವಿಗೆ ಬಿದ್ದಾಗ ಮೀನು ಮಿನುಗುವುದನ್ನು ಹೆಂಗಸರು ಬಗ್ಗಿ ನೋಡುತ್ತಿದ್ದರಂತೆ. ಆಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ನೋಡಿದರೆ ಬಾವಿಯಲ್ಲಿ ಒಂದು ಮೀನೂ ಇಲ್ಲ. ಸತ್ತು ಕೊಳೆತಿವೆ, ಬಾವಿ ಬತ್ತಿಸಬೇಕು ಎಂದು ಗಂಗಯ್ಯ ಹಟ ಹಿಡಿದರು. ರಂಗಸ್ವಾಮಿ ಜೀಪಿನಲ್ಲಿ ಬಂದು ಟಾರ್ಚು ಬಿಟ್ಟು ನೋಡಿದರು, ಅವರಿಗೂ ಕಾಣಲಿಲ್ಲ. ಬೇಸರದಲ್ಲಿ, ಹಿಂದೆಮುಂದೆ ನೋಡದೆ, "ಚೆನ್ನಯ್ಯ, ನಿನ್ನ ಹೆಂಡ್ತಿನ ಕರಿ. ಅವಳಿಗೆ ಗೊತ್ತಾಗುತ್ತೆ," ಎಂದುಬಿಟ್ಟರು.

ಬೆಟ್ಟಮ್ಮ ಬಂದಳು. ಬಾವಿಯ ಹತ್ತಿರ ಗಂಗಯ್ಯ, ಅವರ ತಾಯಿ ಬಸವಲಿಂಗಮ್ಮ, ಹತ್ತಾರು ಜನ ಇದ್ದರು. ಅವಳು ಗಂಡ ನಿಂತಿದ್ದ ಮರದ ಕೆಳಗೇ ನಿಂತಳು.

"ಏನವ್ವಾ, ಇವ್ಳ್ಯಾಕೆ ಬಂದ್ಲು?" ಎಂದರು ಬಸವಲಿಂಗಮ್ಮ.

ರಂಗಸ್ವಾಮಿ ಕೇಳಿದ್ದಕ್ಕೆ ಬೆಟ್ಟಮ್ಮ ನೆಲ ನೋಡುತ್ತ ಹೇಳಿದಳು: "ಮಳೆ ಬಂದು ನೀರು ಕದಡಿದ್ರೆ ದೊಡ್ಡವು ಕಲ್ಲಿನ ಸಂದೀಲಿ ಸೇರ್ಕತವೆ ಸಾ. ಗ್ವಾಡೆ ಪಾಚಿ ತಾವ ತಪ್ಪಲೆ ಬುಟ್ಟು ಮೆಲ್ಲುಗ್ ಎತ್ತಿ. ಮರಿಗೊಳಿದ್ರೆ ಬತ್ತವೆ."

ಬಸವಲಿಂಗಮ್ಮನವರ ಹಿತ್ತಾಳೆ ತಪ್ಪಲೆಯನ್ನೇ ಆಳು ಇಳಿಸಿದ. ಪಾಚಿಯ ಸಮೇತ ಮೇಲೆ ಬಂದ ನೀರನ್ನು ತಂದು ಮರಕ್ಕೂ ಬಾವಿಗೂ ನಡುವೆ ಇಟ್ಟು ಹಿಂದೆ ಸರಿದ. ಬೆಟ್ಟಮ್ಮ ಹೋಗಿ ಕುಕ್ಕರಗಾಲಲ್ಲಿ ಕೂತಳು. ಪಾಚಿ ನೀರನ್ನೆಲ್ಲ ಮುಚ್ಚಿತ್ತು. ದಿನಾ ಮಾಡುವ ಹಾಗೆ ಕೈ ಹಾಕಿ ಪಾಚಿಯನ್ನು ಪಕ್ಕಕ್ಕೆ ಸರಿಸಿದಳು. ಕೆಳಗೆ ಏಳೆಂಟು ಮರಿಗಳು ಚೆದುರಿ ಓಡಿದವು.

"ಅವೆ! ಅವೆ ಸಾ, ಮರಿ ಆಕವೆ!" ಎಂದು ಅವಳು ತಲೆಯೆತ್ತಿದಾಗ ಯಾರ ಮುಖದಲ್ಲೂ ನಗು ಇರಲಿಲ್ಲ. ಎಲ್ಲರೂ ಅವಳ ಒದ್ದೆ ಕೈಯನ್ನು ನೋಡುತ್ತಿದ್ದರು.

"ಕೈ ಆಕ್ಬುಟ್ಲಲ್ಲಾ," ಎಂದರು ಗಂಗಯ್ಯ. "ಚೆಲ್ಲು ಅದ್ನ, ಅತ್ಲಾಗೆ."

"ಮರಿ ಇದಾವಲ್ರೀ. ಬಾವಿಗೇ ಬಿಡಬೇಕು," ಎಂದರು ರಂಗಸ್ವಾಮಿ.

"ಇವ್ಳು ಕೈ ಅದ್ದಿದ್ ನೀರ್ನ ಬಾವಿಗಾ?"

"ಚೆಲ್ಬ್ಯಾಡಿ ಬುದ್ದಿ," ಎಂದಳು ಬೆಟ್ಟಮ್ಮ. "ಇವು ನಮ್ಮನೇವು. ಇವುರ್ ತಾಯಿಗೊಳೆಲ್ಲ ನಮ್ಮನೇಲೇ ಉಟ್ಟಿದ್ದು, ನಾನೇ ಸಾಕಿದ್ದು."

ಗಂಗಯ್ಯ ರಂಗಸ್ವಾಮಿಯವರತ್ತ ತಿರುಗಿದರು. "ಹಾಸನದ್ದು ಅಂದ್ರಲ್ಲ?" ರಂಗಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. ಮೂರು ತಿಂಗಳು ಆ ನೀರನ್ನು ಕುಡಿದವರು, ದೇವರಿಗೆ ಎರೆದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಬಾವಿ ಬತ್ತಿಸಬೇಕೆಂದ. ಇನ್ನೊಬ್ಬ, ಬತ್ತಿಸಿದರೆ ಕುಡಿದದ್ದು ಹೋಗುತ್ತದೆಯೇ ಎಂದ. ಮತ್ತೆ ಜ್ವರ ಬಂದರೆ ಯಾರು ಹೊಣೆ ಎಂದು ಮೂರನೆಯವನು ಕೇಳಿದ. ಮಾತು ಏರಿತು.

ಬಿಸಿಲು ನೆತ್ತಿಗೆ ಬಂದಿತ್ತು. ಹಿತ್ತಾಳೆ ಕಾಯುತ್ತಿತ್ತು. ಮರಿಗಳು ಒಂದೊಂದಾಗಿ ಮೇಲೆ ಬಂದು ಬಾಯಿ ತೆರೆಯತೊಡಗಿದ್ದನ್ನು ಬೆಟ್ಟಮ್ಮ ನೋಡಿದಳು. "ಸಾಯ್ತವೆ," ಎಂದಳು. ಯಾರಿಗೂ ಕೇಳಲಿಲ್ಲ. ಅವಳು ತಪ್ಪಲೆಯನ್ನು ಎತ್ತಿಕೊಂಡು, ಜನರ ನಡುವೆಯೇ ನಡೆದಳು. ಮುಟ್ಟಿಸಿಕೊಂಡೇವೆಂದು ಅವರೇ ಜಾಗ ಬಿಟ್ಟರು. ಬಾವಿಯ ಕಟ್ಟೆಯ ಮೇಲಿದ್ದ ಹಗ್ಗವನ್ನು ತಪ್ಪಲೆಯ ಕುತ್ತಿಗೆಗೆ ಬಿಗಿದು ಇಳಿಬಿಟ್ಟಳು. ನೀರು ಮುಟ್ಟಿದ ಮೇಲೆ ಓರೆ ಮಾಡಿ ನಿಧಾನಕ್ಕೆ ಖಾಲಿ ಮಾಡಿ, ಮೇಲೆಳೆದು, ಕಟ್ಟೆಯ ಮೇಲಿಟ್ಟಳು. ಆಮೇಲೆ ತಾನು ಎಲ್ಲಿ ನಿಂತಿದ್ದೇನೆಂಬುದು ಅವಳಿಗೆ ಗೊತ್ತಾಯಿತು. ಸೆರಗನ್ನು ತಲೆಗೆಳೆದುಕೊಂಡು ಕೇರಿಯ ಕಡೆಗೆ ಬಿರಬಿರನೆ ನಡೆದಳು.

ದಾರಿಯಲ್ಲಿ ಹಿಂದಿನಿಂದ ಬಂದ ಚೆನ್ನಯ್ಯ, "ಯಾಕಂಗ್ ಮಾಡ್ದೆ?" ಎಂದ.

"ನಂಗೂ ಗೊತ್ತಿಲ್ಲ. ಒಡೀತಾರಾ?"

"ಗೊತ್ತಿಲ್ಲ ಕಣಮ್ಮಿ."

ಯಾರೂ ಹೊಡೆಯಲು ಬರಲಿಲ್ಲ. ಬಾವಿಯನ್ನೂ ಬತ್ತಿಸಲಿಲ್ಲ. ಎಂಟು ದಿನ ಊರಿನ ಹೆಂಗಸರು ಕೆರೆಯ ನೀರು ಹೊತ್ತರು. ಒಂಬತ್ತನೆಯ ದಿನ ಬಸವಲಿಂಗಮ್ಮ ಯಾರಿಗೂ ಏನೂ ಹೇಳದೆ ಹೋಗಿ ಬಾವಿಗೆ ಕೊಡ ಇಳಿಸಿದರಂತೆ. ಮಾರನೆಯ ದಿನ ಎಲ್ಲರೂ ಇಳಿಸಿದರು. ಇದನ್ನು ಕೇಳಿ ಬೆಟ್ಟಮ್ಮ ಮುದ್ದೆಯ ಹಿಟ್ಟು ತೊಳೆಸುವ ಕೋಲನ್ನು ಹಿಡಿದುಕೊಂಡೇ ಕೂತಳು.

"ಅಂಗಾರೆ ನಾವೂ ಸೇದ್ಬೋದಾ?"

"ಅದ್ನ ಯಾರೂ ಏಳ್ಲಿಲ್ಲ," ಎಂದ ಚೆನ್ನಯ್ಯ.

ಅದೇ ವಾರ ಪಟೇಲರ ಮನೆಯ ಆಳು ಕೇರಿಯ ಮುಂದೆ ಬಂದು ನಿಂತು ಚೆನ್ನಯ್ಯನನ್ನು ಕೂಗಿದ. ಕೈಯಲ್ಲಿ ಆ ಹಿತ್ತಾಳೆ ತಪ್ಪಲೆ ಇತ್ತು. ಹುಣಸೇಹಣ್ಣಿನಲ್ಲಿ ತಿಕ್ಕಿ ತೊಳೆದಿದ್ದರು, ಹೊಸದರ ಹಾಗೆ ಹೊಳೆಯುತ್ತಿತ್ತು. ಅದನ್ನು ಕಲ್ಲಿನ ಮೇಲಿಟ್ಟು, "ಅಮ್ಮಾವ್ರು ಕಳ್ಸವ್ರೆ. ನಿನ್ ಎಂಡ್ರು ಇಟ್ಕಬೇಕಂತೆ," ಎಂದ.

"ಯಾಕಂತೆ?"

"ಯಾಕೆ ಅಂತ ಏಳ್ಲಿಲ್ಲ ಕಣಪ್ಪಾ. ಕೊಟ್ಬುಟ್ ಬಾ ಅಂದ್ರು."

ಕೊಟ್ಟದ್ದೋ, ಬಿಸಾಕಿದ್ದೋ ಎಂದು ಗಂಡ ಹೆಂಡತಿ ಸಂಜೆಯವರೆಗೂ ಮಾತಾಡಿದರು. ಬಿಸಾಕುವುದಾದರೆ ತಿಕ್ಕುವುದೇಕೆ ಎಂದಳು ಬೆಟ್ಟಮ್ಮ. ಕೊಡುವುದಾದರೆ ಮನೆಗೆ ಕರೆದು ಕೊಡಬಾರದಿತ್ತೇ ಎಂದ ಚೆನ್ನಯ್ಯ. ಸದ್ದು ಕೇಳಿ ಬಂದ ಸಣ್ಣಕ್ಕ ಇಬ್ಬರ ಮಾತನ್ನೂ ಕೇಳಿಸಿಕೊಂಡು, "ಸೀಳು ಬಿಟ್ಟಿರ್ಬೇಕು, ಅದ್ಕೇ," ಎಂದು ತಪ್ಪಲೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಹೊಡೆದಳು. ಸೀಳೇನೂ ಇರಲಿಲ್ಲ. ನಾದ ಮನೆ ತುಂಬ ಹರಡಿತು.