ಜೋಡಿ ಹುಡುಕುವ ಆಟ

ದರ್ಜಿಯ ಹಟವೆಂದರೆ ಹಟ, ಹಿಡಿದದ್ದನ್ನು ಬಿಟ್ಟವನಲ್ಲ. ಹೆಂಡತಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿದ ದಿನವೇ, ಇವಳು ಯಾರನ್ನು ಬೇಕಾದರೂ ಮರೆಯಲಿ, ನನ್ನನ್ನು ಮರೆಯಲು ಮಾತ್ರ ಬಿಡುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ. ಮಗಳು ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಮುಚ್ಚಿದ ಚೌಕಗಳನ್ನು ತೆರೆದು ಒಂದೇ ಥರದ ಎರಡು ಚಿತ್ರ ಹುಡುಕಬೇಕು, ಮೆದುಳು ಚುರುಕಾಗುತ್ತದಂತೆ.

ಡಾಕ್ಟರೇನೂ ಸುಳ್ಳು ಆಸೆ ಹುಟ್ಟಿಸಿರಲಿಲ್ಲ. ಆಟ ಆಡಿದರೆ ಆಟದಲ್ಲಿ ಕೈ ಕುದುರುತ್ತದೆ, ಕಾಯಿಲೆ ನಿಲ್ಲುತ್ತದೆ ಎಂದು ಮಾತ್ರ ನಾನು ಹೇಳಲಾರೆ, ಜೊತೆಯಲ್ಲಿ ಕೂತು ಮಾತಾಡಿ, ಅವರಿಗೆ ಇಷ್ಟವಾದದ್ದನ್ನು ಮಾಡಲು ಬಿಡಿ ಎಂದಿದ್ದರು. ಕೇಳುವ ಕಿವಿ ಯಾರಿಗಿತ್ತು? ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

ಅಂಗಡಿಯಲ್ಲಿ ಗಂಡನ ಪಕ್ಕ ಕೂತು ಗುಂಡಿ ಹೊಲಿಯುತ್ತ ಬೀದಿಯ ಸುದ್ದಿಯೆಲ್ಲ ಹರಟುವುದೇ ಆಕೆಯ ಸುಖ. ಈ ಮಹಾರಾಯ ಸೂಜಿ ಕಿತ್ತುಕೊಂಡು ಫೋನು ಕೊಟ್ಟ. ಮಾತು ತೆಗೆದರೆ, ಮೊದಲು ಆಟ ಮುಗಿಸು ಎಂದು ಗದರಿದ. ತಪ್ಪಿದರೆ ಮುಖ ಗಂಟಿಕ್ಕಿದ, ಗೆದ್ದರೆ ಶಭಾಷ್ ಎಂದ. ಆಕೆ ಬೇಸರ ನುಂಗಿಕೊಂಡು ಆಡಿದಳು. ಪಾಪ, ಎಷ್ಟು ಪಳಗಿದಳೆಂದರೆ ಮಗಳೇ ಸೋಲತೊಡಗಿದಳು. ದರ್ಜಿ ಗಿರಾಕಿಗಳಿಗೆಲ್ಲ ಡಂಗುರ ಸಾರಿದ. ಅತ್ತ ಒಲೆ ಹಚ್ಚುವುದು ಮರೆತಿತ್ತು, ಮಗಳ ಹೆಸರೂ ಮರೆತಿತ್ತು. ಅವನು ಕಂಡೂ ಕಾಣದವನಂತಿದ್ದ.

ಒಂದು ಮಧ್ಯಾಹ್ನ ಮನೆಯಲ್ಲಿ ಕಷ್ಟದ ಸುತ್ತೊಂದನ್ನು ಗೆದ್ದ ಆಕೆ, ಫೋನನ್ನು ಎರಡೂ ಕೈಯಿಂದ ಅವನಿಗೆ ಒಪ್ಪಿಸಿ ಎದ್ದು ನಿಂತಳು.

"ಇವತ್ತಿಗೆ ಸಾಕು ಮಾಡಿ ಮೇಷ್ಟ್ರೇ. ನಮ್ಮನೆಯವರು ಊಟಕ್ಕೆ ಕಾಯ್ತಿರ್ತಾರೆ. ನಾನಿಲ್ದೆ ತುತ್ತು ಎತ್ತೋರಲ್ಲ ಅವರು."

ದರ್ಜಿ, ನಾನೇ ಕಣೇ ನಿನ್ನ ಗಂಡ ಎಂದು ಕೈ ಹಿಡಿದ. ಆಕೆ ಹೆದರಿ, ಕೈ ಬಿಡಿಸಿಕೊಂಡು ಬಾಗಿಲ ಕಡೆ ನಡೆದಳು. ಅವನೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟ. ಮನೆಗೆ ಬಿಟ್ಟು ಬರುತ್ತೇನೆ ಎಂದು ಬೀದಿಯಲ್ಲಿ ಒಂದು ಸುತ್ತು ಹಾಕಿಸಿ ಮತ್ತೆ ಅದೇ ಬಾಗಿಲಿಗೆ ಕರೆತಂದ. ಮನೆ ಕಂಡು ಆಕೆಯ ಮುಖ ಅರಳಿತು.

"ಇದೇ ನಮ್ಮನೆ. ನೀವಿನ್ನು ಹೊರಡಿ ಮೇಷ್ಟ್ರೇ, ತುಂಬಾ ಉಪಕಾರ ಆಯ್ತು."

ಒಳಹೋಗಿ ಬಾಗಿಲು ಹಾಕಿಕೊಂಡಳು. ದರ್ಜಿ ತನ್ನ ಮನೆಯ ಮೆಟ್ಟಿಲ ಮೇಲೆಯೇ ನಿಂತ. ಒಳಗೆ ಆಕೆ, "ರೀ, ಬಂದೆ ಕಣ್ರೀ, ಎಲ್ಲಿದೀರಿ?" ಎಂದು ಕೂಗುತ್ತ ಕೋಣೆಯಿಂದ ಕೋಣೆಗೆ ಅವನನ್ನು ಹುಡುಕುವುದು ಕೇಳಿಸುತ್ತಿತ್ತು.