ಗಡಿಕಲ್ಲಿನ ಏಟು

ಭೀಮನಬೀಡಿನ ಪುಟ್ಟಮಲ್ಲಪ್ಪನವರಿಗೆ ಊರಿನ ಯಾವ ಹಸು ಯಾವ ವರ್ಷ ಕರು ಹಾಕಿತು ಎನ್ನುವುದು ನೆನಪಿರುತ್ತದೆ. ಯಾರ ಮದುವೆಯಲ್ಲಿ ಪಾಯಸ ಸಾಲದೆ ಬೀಗರು ಮುಖ ಊದಿಸಿಕೊಂಡರು ಎನ್ನುವುದನ್ನಂತೂ ಕೇಳದಿದ್ದರೂ ಹೇಳುತ್ತಾರೆ. ಅಂಥವರಿಗೆ ತಮ್ಮದೇ ಹೊಲದ ಗಡಿಕಲ್ಲು ಎಲ್ಲಿತ್ತು ಎನ್ನುವುದು ಮಾತ್ರ ಮರೆತುಹೋಗಿತ್ತು.

ಆ ಕಲ್ಲು ನೆಟ್ಟದ್ದು ಐವತ್ತೇಳು ವರ್ಷದ ಹಿಂದೆ, ಅವರ ಅಪ್ಪ, ಚಿಕ್ಕಪ್ಪ ಬಾಯಿಮಾತಿನಲ್ಲೇ ಪಾಲಾದ ದಿನ. ಆಗ ಪುಟ್ಟಮಲ್ಲಪ್ಪನವರಿಗೆ ಎಂಟು ವರ್ಷ. ಆಮೇಲೆ ಯಾವುದೋ ಟ್ರ್ಯಾಕ್ಟರ್ ಕಲ್ಲನ್ನು ಕಿತ್ತೆಸೆಯಿತು, ನಡುವಿನ ಬದುವೂ ಉಳುಮೆಯಲ್ಲಿ ಕರಗಿತು. ಈಗ ಚಿಕ್ಕಪ್ಪನ ಸೊಸೆ ದಾನೇಶ್ವರಿ ತನ್ನ ಪಾಲಿಗೆ ಬೇರೆ ಪತ್ರ ಮಾಡಿಸಲು ಹೊರಟಿದ್ದಳು. ಗಂಡ ತೀರಿಕೊಂಡವಳು, ಮಾತು ಕಡಿಮೆ. ಸೋಮವಾರ ಸರ್ವೆಯವರು ಬರುತ್ತಾರೆ, ಗಡಿ ನೀವೇ ತೋರಿಸಿ ಭಾವ, ನೀವು ತೋರಿಸಿದ್ದೇ ಸರಿ ಎಂದುಬಿಟ್ಟಳು. ಜಗಳವಾಡಿದ್ದರೆ ಪುಟ್ಟಮಲ್ಲಪ್ಪನವರಿಗೆ ಎಷ್ಟೋ ಸುಲಭವಾಗುತ್ತಿತ್ತು.

ಕಷ್ಟವೆಲ್ಲ ಬೋರ್‌ವೆಲ್ಲಿನದು. ಹತ್ತು ವರ್ಷದ ಹಿಂದೆ ಪುಟ್ಟಮಲ್ಲಪ್ಪನವರೇ ಕೊರೆಸಿದ್ದು. ಅವರ ಎರಡು ಎಕರೆ ಅರಿಸಿನ ಅದರ ನೀರನ್ನೇ ನಂಬಿ ನಿಂತಿದೆ. ಗಡಿ ಆ ಬೋರ್‌ವೆಲ್ಲಿನ ಆಚೆಗಿದ್ದರೆ ಅದು ಅವರದು, ಈಚೆಗಿದ್ದರೆ ದಾನೇಶ್ವರಿಯದು.

ಚಾಮರಾಜನಗರದ ಕಾಲೇಜಿನಲ್ಲಿ ಮನಃಶಾಸ್ತ್ರ ಓದುವ ಮೊಮ್ಮಗಳು ಸ್ಪಂದನಾ ರಜೆಗೆ ಬಂದಿದ್ದಳು. ತಾತನ ಮರೆವಿನ ಸುದ್ದಿ ಕೇಳಿ ಅವಳಿಗೆ ಎಲ್ಲಿಲ್ಲದ ಉತ್ಸಾಹ. ಮರೆತದ್ದು ಎಷ್ಟೋ ಸಲ ಅಳಿಸಿಹೋಗಿರುವುದಿಲ್ಲ, ಒಳಗೇ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ತಪ್ಪಿರುತ್ತದೆ ಅಷ್ಟೇ ಎಂದಳು. ಅವತ್ತು ನಿಂತ ಜಾಗ, ಕಂಡ ನೋಟ, ನಾಲಿಗೆಗೆ ಹತ್ತಿದ ರುಚಿ, ಯಾವುದಾದರೊಂದು ಸಿಕ್ಕರೆ ಅದೇ ಮಿಕ್ಕದ್ದನ್ನು ಎಳೆದು ತರುತ್ತದಂತೆ. ಅವತ್ತಿನದು ಏನೇನು ನೆನಪಿದೆಯೋ ಹೇಳಿ ಎಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

ನೆನಪಿದ್ದದ್ದು ಒಂದು ಏಟು. ಪೂಜೆಗೆ ಇಟ್ಟಿದ್ದ ಬೆಲ್ಲ ಕದ್ದು ತಿಂದದ್ದಕ್ಕೆ ಅಪ್ಪ ಕಪಾಳಕ್ಕೆ ಬಾರಿಸಿದ ಕಥೆ. ಅದನ್ನು ಅವರು ಹತ್ತಾರು ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದರು. ಸ್ಪಂದನಾ ನಗಲಿಲ್ಲ. ಬೆಲ್ಲ ತಿಂದಿದ್ದು ಏಟಿಗೆ ಮೊದಲೋ ಆಮೇಲೋ ಎಂದು ಕೇಳಿದಳು.

ಇದೆಂಥ ಪ್ರಶ್ನೆ ಎನ್ನಿಸಿತು ಅವರಿಗೆ. ಆದರೂ ಕಣ್ಣು ಮುಚ್ಚಿಕೊಂಡರು. ಬಾಯಲ್ಲಿ ಬೆಲ್ಲ, ಕೆನ್ನೆ ಉರಿ, ಬೆಲ್ಲಕ್ಕೆ ಬೆರೆತ ಕಣ್ಣೀರಿನ ಉಪ್ಪು. ಹಾಗಾದರೆ ಅಳು ಮೊದಲು, ಬೆಲ್ಲ ಆಮೇಲೆ. ಸಮಾಧಾನಕ್ಕೆಂದು ಅಪ್ಪನೇ ಬೆಲ್ಲ ಕೊಟ್ಟಿದ್ದ. ಹೇಳಿ ಹೇಳಿ ತಾವೇ ಕಥೆಯನ್ನು ತಲೆಕೆಳಗು ಮಾಡಿಕೊಂಡಿದ್ದರು.

ಹಾಗಿದ್ದರೆ ಹೊಡೆದದ್ದು ಯಾಕೆ? ಗಡಿಕಲ್ಲು ನೆಡುವಾಗ ಮನೆಯ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಒಂದು ಬಾರಿಸುವುದು ಅವರ ಮನೆತನದ ಹಿರಿಯರ ರೂಢಿ. ಏಟು ತಿಂದ ಜಾಗ ಮರೆಯುವುದಿಲ್ಲವೆಂಬ ನಂಬಿಕೆ. ಈ ರೂಢಿಯನ್ನು ಕೇಳಿ ಬಲ್ಲ ಪುಟ್ಟಮಲ್ಲಪ್ಪನವರು ತಾವು ತಿಂದ ಏಟಿಗೆ ಅದನ್ನು ಎಂದೂ ಜೋಡಿಸಿ ನೋಡಿರಲಿಲ್ಲ. ಪಾಪ, ಅಪ್ಪ ನಾಳೆಗಾಗಿ ಕೊಟ್ಟ ಏಟನ್ನು ಮಗ ನಗೆಚಾಟಿಕೆ ಮಾಡಿಕೊಂಡಿದ್ದ.

ಇಬ್ಬರೂ ಆಗಲೇ ಹೊಲಕ್ಕೆ ಹೊರಟರು. ಅರಿಸಿನದ ಅಂಚಿನಲ್ಲಿ ನಿಂತು ಎಷ್ಟು ನೋಡಿದರೂ ಏನೂ ಹೊಳೆಯಲಿಲ್ಲ. ಆಗ ನೀವು ಎಷ್ಟು ಎತ್ತರ ಇದ್ರಿ ತಾತ ಎಂದಳು ಸ್ಪಂದನಾ. ಅವರು ನಗುತ್ತಲೇ ಕುಕ್ಕರಗಾಲಲ್ಲಿ ಕೂತರು. ಕೂತವರ ನಗು ನಿಂತಿತು. ಪಕ್ಕದ ಹೊಲದ ಬಂಡೆ ದೊಡ್ಡದಾಗಿ, ಅದರ ಹಿಂದೆ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಚೂರೇ ಚೂರು ಕಾಣುತ್ತಿತ್ತು. ಅವತ್ತು ಅಳುತ್ತಾ ಮುಖ ತಿರುಗಿಸಿದಾಗ ಆ ನೆತ್ತಿ ಬಂಡೆಯ ನಡುಮಧ್ಯದಲ್ಲಿ ಕೂತಿತ್ತು. ಕೂತಂತೆಯೇ ಜರುಗಿದರು, ಮತ್ತೆ ಜರುಗಿದರು. ನೆತ್ತಿ ನಡುವಿಗೆ ಬಂದ ಕಡೆ ಕೆನ್ನೆ ತಂತಾನೇ ಬಿಸಿಯಾಯಿತು.

ಅದು ಬೋರ್‌ವೆಲ್ಲಿನಿಂದ ಎರಡು ಮಾರು ಈಚೆಗೆ, ಅರಿಸಿನದ ಸಾಲಿನೊಳಗೆ. ಗುದ್ದಲಿ ತಂದು ಅಗೆದರು. ಮೊಣಕಾಲುದ್ದದ ಆಳದಲ್ಲಿ ಇದ್ದಿಲು ಸಿಕ್ಕಿತು. ಕಲ್ಲು ಹೋದರೂ ಗುರುತು ಉಳಿಯಲೆಂದು ಅದರ ಬುಡಕ್ಕೆ ಹಾಕುವ ಇದ್ದಿಲು ಅದು.

ತನ್ನ ವಿದ್ಯೆ ಫಲಿಸಿದ್ದಕ್ಕೆ ಸ್ಪಂದನಾ ಕುಣಿಯುವಂತಾದಳು. ಮರುಗಳಿಗೆಗೆ ಬೋರ್‌ವೆಲ್ ಕಣ್ಣಿಗೆ ಬಿದ್ದು ಮೆತ್ತಗಾದಳು. ಯಾರೂ ನೋಡಿಲ್ಲ ತಾತ, ಮನೆಗೆ ಹೋಗಿ ಊಟ ಮಾಡಿ ಯೋಚಿಸೋಣ ಎಂದಳು.

ಪುಟ್ಟಮಲ್ಲಪ್ಪನವರಿಗೆ ಈಗ ಇನ್ನೊಂದು ನೆನಪು ಬಂದಿತ್ತು, ಯಾರೂ ಕೇಳದೆಯೇ. ಹತ್ತು ವರ್ಷದ ಹಿಂದೆ ನೀರು ನೋಡುವವನು ಇಲ್ಲೇ ಕೊರೆಸಿ ಎಂದಾಗ, ಇದು ಗಡಿಯ ಆಚೆಗಾಯಿತಲ್ಲವೇ ಎಂದು ಒಂದು ಕ್ಷಣ ಅನ್ನಿಸಿತ್ತು. ಆ ಮಾತನ್ನು ನುಂಗಿಕೊಂಡಿದ್ದರು. ನೀರು ಬಂತು, ಅರಿಸಿನ ಬೆಳೆಯಿತು, ಕಲ್ಲು ಮರೆತುಹೋಯಿತು. ವಯಸ್ಸಾಯಿತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಅವರಿಗೆ ನಾಚಿಕೆಯಾಯಿತು.

"ಬ್ಯಾಡ ಕಣಮ್ಮಿ," ಎಂದರು. "ಮನೆಗೋದ್ರೆ ನಾನು ಇದ್ನೂ ಮರ್ತ್‌ಬುಡ್ತೀನಿ. ನೀನೋಗಿ ದಾನೇಶ್ವರೀನ ಕರ್ಕಂಡ್ ಬಾ. ಅಲ್ಲೀಗಂಟ ನಾನು ಇಲ್ಲಿಂದ ಏಳಕ್ಕಿಲ್ಲ."